ಎರಡೂವರೆ

ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೂ ಡಾಕ್ಟರ್ ರಜನಿಗೆ ತಾನು ಏನನ್ನೋ ಮರೆತು ಬಂದಿದ್ದೇನೆ ಅನ್ನಿಸುತ್ತಲೇ ಇತ್ತು. ಬ್ಯಾಗು ತೆರೆದು ನೋಡಿದಳು. ಫೋನು, ನೀರಿನ ಬಾಟಲಿ, ಕೆಲವು ಖಾಲಿ ಹಾಳೆ, ಮಡಿಸಿದ ಎರಡು ಕಾಗದ. ಒಂದು, ಅವಳು ಓದಿದ ಕಾಲೇಜಿನಿಂದ ಬಂದ ಆಹ್ವಾನ. ತರಬೇತಿ ಮುಗಿಸಿ ಹೊರಡುತ್ತಿರುವ ಹೊಸ ವೈದ್ಯರಿಗೆ ‘ಮೊದಲ ಹುದ್ದೆ, ಮೊದಲ ನಾಯಕತ್ವ’ ಎಂಬ ವಿಷಯವಾಗಿ ಅವಳು ಹದಿನೈದು ನಿಮಿಷ ಮಾತಾಡಬೇಕಿತ್ತು. ಇನ್ನೊಂದು, ಮಾಮಿಡಿಕುಂಟೆ ಆರೋಗ್ಯ ಕೇಂದ್ರದ ನರ್ಸ್ ಆಂಜಿನಮ್ಮನಿಗೆ ಮೇಲಿನ ಕಚೇರಿಯಿಂದ ಬಂದ ನೋಟೀಸಿನ ಪ್ರತಿ. ಅದರ ಕೆಳಗೆ ‘ಕೇಂದ್ರದ ಮುಖ್ಯಸ್ಥರ ಅಭಿಪ್ರಾಯ’ ಎಂದು ಅಚ್ಚಾಗಿ ನಾಲ್ಕು ಬೆರಳಗಲ ಜಾಗ ಬಿಟ್ಟಿತ್ತು. ಕೇಂದ್ರದ ಮುಖ್ಯಸ್ಥೆ ಎಂದರೆ ರಜನಿಯೇ. ಅಲ್ಲಿದ್ದ ಡಾಕ್ಟರು ಅವಳೊಬ್ಬಳೇ ಆದ್ದರಿಂದ ಇಪ್ಪತ್ತಾರನೇ ವಯಸ್ಸಿಗೆ ಆ ಪದವಿ ತಾನಾಗಿ ಅವಳ ಮೇಲೆ ಬಂದು ಬಿದ್ದಿತ್ತು. ಇವತ್ತು ಸಂಜೆ ಐದರೊಳಗೆ ಆ ನಾಲ್ಕು ಬೆರಳಗಲವನ್ನು ತುಂಬಿಸಿ ಶ್ರೀನಿವಾಸಪುರದ ಕಚೇರಿಗೆ ಕೊಡಬೇಕು. ಮೂರು ದಿನದಿಂದ ಪೆನ್ನು ಹಿಡಿದಾಗಲೆಲ್ಲ ಯಾರಾದರೊಬ್ಬ ರೋಗಿ ಬಂದಿದ್ದರು. ಬಾರದಿದ್ದಾಗ ಯಾಕೆ ಯಾರೂ ಬರುತ್ತಿಲ್ಲ ಎಂದು ಅವಳು ಬಾಗಿಲ ಕಡೆ ನೋಡಿದ್ದಳು.

ಬಸ್ಸು ಊರು ದಾಟಿತು. ಎರಡೂ ಕಡೆ ಹೂ ಬಿಟ್ಟ ಮಾವಿನ ತೋಪುಗಳು. ಯಾವುದೋ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದರು, ಹೂವಿನ ವಾಸನೆಗೆ ಅದರ ಕಟು ಬೆರೆತು ಕಿಟಕಿಯಿಂದ ಒಳಗೆ ಬಂತು. ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದಳು. ಅಂಥದೇ ಒಂದು ಮಧ್ಯಾಹ್ನ ಗೌನಿಪಲ್ಲಿ ಕಡೆಯಿಂದ ಆಟೋದಲ್ಲಿ ಆ ಮಗುವನ್ನು ತಂದಿದ್ದರು. ಮೂರು ವರ್ಷದ ಗಂಡುಮಗು, ಜ್ವರ ಏರಿ ಫಿಟ್ಸ್ ಬಂದು ಕೈಕಾಲು ಸೆಟೆದುಕೊಂಡಿತ್ತು, ತುಟಿ ನೀಲಿಗಟ್ಟುತ್ತಿತ್ತು. ತಾಯಿ ನೇರವಾಗಿ ಆಂಜಿನಮ್ಮನ ಹತ್ತಿರ ಓಡಿ, “ಡಾಕ್ಟರಮ್ಮಾ, ನಾ ಬಿಡ್ಡ, ನಾ ಬಿಡ್ಡ” ಎಂದು, ನನ್ನ ಮಗು ಎಂದು ತೆಲುಗಿನಲ್ಲಿ ಗೋಗರೆಯುತ್ತ ಅವರ ಕೈ ಹಿಡಿದುಕೊಂಡಿದ್ದಳು. ರಜನಿ ಕೊರಳಲ್ಲಿ ಸ್ಟೆತಾಸ್ಕೋಪು ನೇತುಹಾಕಿಕೊಂಡು ಎರಡು ಮಾರು ದೂರದಲ್ಲಿ ನಿಂತಿದ್ದಳು. ಅದೇನೂ ಹೊಸದಲ್ಲ. ಅವಳು ಬಂದ ಮೊದಲ ದಿನವೇ ಒಬ್ಬ ಮುದುಕ ಅವಳನ್ನು ಕಂಡು, “ಪಾಪಾ, ಡಾಕ್ಟರಮ್ಮ ಇಂಕಾ ರಾಲೇದಾ” ಎಂದು, ಡಾಕ್ಟರು ಇನ್ನೂ ಬಂದಿಲ್ಲವೇ ಎಂದು ಅವಳನ್ನೇ ಕೇಳಿದ್ದ. ಆಗ ಆಂಜಿನಮ್ಮ ನಗದೆ, ಕುರ್ಚಿಯ ಕಡೆ ಕೈ ತೋರಿಸಿ, “ಇವ್ರೇ ಕಣಯ್ಯ” ಎಂದಿದ್ದರು. ನಗದೇ ಇದ್ದದ್ದೇ ರಜನಿಗೆ ಚುಚ್ಚಿತ್ತು. ನಕ್ಕಿದ್ದರೆ ಮರೆಯಬಹುದಿತ್ತು.

ಮಗುವಿನ ತೂಕ ಹನ್ನೆರಡು ಕೆಜಿ. ಫಿಟ್ಸ್ ನಿಲ್ಲಿಸುವ ಇಂಜೆಕ್ಷನ್ ಎರಡೂವರೆ ಮಿಲಿಗ್ರಾಂ ಕೊಡಬೇಕು. ಚೀಟಿಯ ಮೇಲೆ ಅವಳ ಕೈ ಬರೆದದ್ದು ಇಪ್ಪತ್ತೈದು. ಎರಡು ಮತ್ತು ಐದರ ನಡುವೆ ಚುಕ್ಕಿ ಇರಲಿಲ್ಲ. ಇಪ್ಪತ್ತೈದು ಕೊಟ್ಟಿದ್ದರೆ ಮಗುವಿನ ಉಸಿರು ನಿಲ್ಲುತ್ತಿತ್ತು. ಆಂಜಿನಮ್ಮ ಎರಡೂವರೆಯನ್ನೇ ಕೊಟ್ಟರು, ಔಷಧಿ ಕೊಟ್ಟ ಲೆಕ್ಕದ ಪುಸ್ತಕದಲ್ಲಿ ಎರಡೂವರೆ ಎಂದೇ ಬರೆದರು. ಹತ್ತು ನಿಮಿಷಕ್ಕೆ ಮಗು ಸಡಿಲಗೊಂಡು ನಿದ್ದೆ ಹೋಯಿತು. ಹಾಗೆ ಮುಗಿದುಹೋಗಿತ್ತು. ಆದರೆ ಕಳೆದ ವಾರ ದಾಖಲೆ ಪರಿಶೀಲಿಸಲು ಬಂದವರು ಚೀಟಿಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ವೈದ್ಯರ ಲಿಖಿತ ಆದೇಶವನ್ನು ಕಡೆಗಣಿಸಿ ಸ್ವಂತ ಇಚ್ಛೆಯಿಂದ ಹತ್ತನೇ ಒಂದು ಭಾಗ ಮಾತ್ರ ಔಷಧಿ ಕೊಟ್ಟಿದ್ದೀರಿ, ನಿಮ್ಮ ಮೇಲೆ ಯಾಕೆ ಕ್ರಮ ಜರುಗಿಸಬಾರದು ಎಂದು ಆಂಜಿನಮ್ಮನಿಗೆ ನೋಟೀಸು ಬಂತು. ಮಗು ಉಳಿಸಿದವರಿಗೆ ನೋಟೀಸು. ಅದನ್ನು ಓದಿದಾಗ ರಜನಿಗೆ ಮೊದಲು ಅನ್ನಿಸಿದ್ದು ನಾಚಿಕೆಯೂ ಅಲ್ಲ, ಸಂಕಟವೂ ಅಲ್ಲ. ನನಗೆ ಬಂದಿಲ್ಲ ಎಂಬ ನಿರಾಳ. ಅವತ್ತಿನಿಂದ ಅವಳು ಆಂಜಿನಮ್ಮನ ಮುಖ ನೋಡಿರಲಿಲ್ಲ. ಮಾತಾಡುವಾಗ ಅವರ ಸಮವಸ್ತ್ರದ ಗುಂಡಿಯನ್ನು ನೋಡುತ್ತಿದ್ದಳು.

ಚುಕ್ಕಿ ಮರೆತೆನೋ, ಇಲ್ಲಾ ಲೆಕ್ಕವೇ ತಪ್ಪಿತೋ? ಅವಳು ಕಣ್ಣು ಮುಚ್ಚಿ ಆ ಮಧ್ಯಾಹ್ನದೊಳಕ್ಕೆ ಮತ್ತೆ ಇಳಿದಳು. ತಾಯಿಯ ಕಿರುಚಾಟ, ಮೇಜಿಗೆ ಬಡಿಯುತ್ತಿದ್ದ ಮಗುವಿನ ಹಿಮ್ಮಡಿ, ತನ್ನ ಕೈಯಲ್ಲಿ ನೀಲಿ ಪೆನ್ನು. ಅಲ್ಲಿಂದ ಮುಂದಕ್ಕೆ ನೆನಪು ತೇವಗೊಂಡ ಕಾಗದದ ಹಾಗೆ ಅಂಟಿಕೊಂಡು ಬಿಚ್ಚುತ್ತಿರಲಿಲ್ಲ. ಚುಕ್ಕಿ ಮರೆತೆ ಎಂದೇ ಇಟ್ಟುಕೊಳ್ಳೋಣ. ಯಾರಿಗೆ ಆಗುವುದಿಲ್ಲ? ಅದನ್ನು ಬರೆದುಕೊಟ್ಟರೆ ಏನಾಗುತ್ತದೆ? ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂಡಿ ಸೀಟು ಸಿಕ್ಕಿದೆ. ಸೇರಲು ಇದೇ ಕಚೇರಿಯಿಂದ ಬಿಡುಗಡೆ ಪತ್ರ ಬೇಕು. ಹದಿನೆಂಟನೇ ತಾರೀಖು ಕೊನೆ ದಿನ. ಮಕ್ಕಳ ಡಾಕ್ಟರಾಗಲು ಹೊರಟವಳು ಮಗುವಿಗೆ ಹತ್ತು ಪಟ್ಟು ಔಷಧಿ ಬರೆದಳು ಎಂಬ ಕಾಗದ ಒಮ್ಮೆ ಕಡತ ಸೇರಿದರೆ ಅದು ಸಾಯುವುದಿಲ್ಲ. ಬಸ್ಸು ಹಂಪ್ ಹಾರಿತು. ಪಕ್ಕದ ಹೆಂಗಸು, “ಹುಷಾರಿಲ್ವೇನಮ್ಮ? ಮುಖ ಬಿಳಿಚ್ಕೊಂಡೈತೆ” ಎಂದಳು. “ಏನಿಲ್ಲ, ಚೆನ್ನಾಗಿದೀನಿ” ಎಂದು ರಜನಿ ಹೊರಗೆ ನೋಡಿದಳು.

ಪ್ರೊಫೆಸರ್ ಅಮರನಾಥ್ ತಮ್ಮ ಕೋಣೆಯಲ್ಲಿ ಅವಳಿಗೆ ಟೀ ತರಿಸಿದರು. ಒಂದೂವರೆ ವರ್ಷದ ಹಿಂದೆ ಅವಳ ತಂಡ ಕಾಲೇಜು ಬಿಟ್ಟಾಗ ಬೀಳ್ಕೊಡುಗೆಯ ಮಾತಾಡಿದವರು ಅವರೇ. ಡಾಕ್ಟರಾದವನ ಮುಖವನ್ನು ಕೈಕೆಳಗಿನವರು ಸದಾ ಓದುತ್ತಿರುತ್ತಾರೆ, ಅಲ್ಲಿ ಅನುಮಾನ ಕಾಣಬಾರದು, ಹೇಳಿದ ಮೇಲೆ ಹೇಳಿದ್ದೇ ಎಂದಿದ್ದರು. ಅವಳು ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ಈಗ ಅವರ ಎದುರು ಕೂತು, ನಿನ್ನೆಯಿಂದ ಬಾಯಿಪಾಠ ಮಾಡಿದ್ದ ರೀತಿಯಲ್ಲಿ ಎಲ್ಲವನ್ನೂ ಹೇಳಿದಳು. ಅವರು ನಡುವೆ ಒಂದೇ ಸಲ ಕೇಳಿದರು.

“ಮಗು ಹೇಗಿದೆ?”

“ಚೆನ್ನಾಗಿದೆ ಸಾರ್.”

“ಮತ್ತಿನ್ನೇನಮ್ಮ? ಆ ಸಿಸ್ಟರ್‌ಗೆ ಸರ್ವಿಸ್ ಎಷ್ಟಿದೆ?”

“ಇನ್ನು ಎಂಟು ತಿಂಗಳಿಗೆ ರಿಟೈರ್ ಆಗ್ತಾರೆ.”

“ನಿಂಗೆ ಇನ್ನೂ ಮೂವತ್ನಾಲ್ಕು ವರ್ಷ ಇದೆ.” ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಪರಿಶೀಲಿಸಲಾಗಿದೆ, ಮುಂದಿನ ಕ್ರಮ ಮೇಲಧಿಕಾರಿಗಳ ವಿವೇಚನೆಗೆ ಬಿಟ್ಟದ್ದು ಅಂತ ಬರಿ. ಅದ್ರಲ್ಲಿ ಸುಳ್ಳೇನಿಲ್ಲ. ಅವರಿಗೊಂದು ಎಚ್ಚರಿಕೆ ಕೊಟ್ಟು ಬಿಡ್ತಾರೆ, ಮುಗೀತು. ನೀನು ಹೋಗಿ ಚೆನ್ನಾಗಿ ಓದು, ನೂರು ಮಕ್ಕಳನ್ನ ಉಳಿಸು. ನಾವೆಲ್ಲಾ...” ಎಂದವರು ಅಲ್ಲಿಗೇ ನಿಲ್ಲಿಸಿದರು. ಕನ್ನಡಕವಿಲ್ಲದ ಅವರ ಕಣ್ಣು ಸಣ್ಣಗೆ, ಯಾರದೋ ಕಣ್ಣಿನ ಹಾಗೆ ಕಂಡವು. “ಟೀ ಆರಿಹೋಗುತ್ತೆ, ಕುಡಿ” ಎಂದರು.

ಸಭಾಂಗಣದಲ್ಲಿ ನೂರೈವತ್ತು ಜನ ಇದ್ದರು. ಒಂದು ಆರೋಗ್ಯ ಕೇಂದ್ರವನ್ನು ಒಬ್ಬಳೇ ಮುನ್ನಡೆಸುತ್ತಿರುವ ನಮ್ಮ ಹುಡುಗಿ ಎಂದು ಅಮರನಾಥರು ಪರಿಚಯ ಮಾಡಿಸಿದರು. ರಜನಿ ಫೋನಿನಲ್ಲಿ ಬರೆದುಕೊಂಡಿದ್ದನ್ನು ಓದಲು ತೊಡಗಿದಳು. ಮೊದಲ ವಾರ ಎಲ್ಲರ ಹೆಸರು ಕಲಿಯಿರಿ. ಔಷಧಿ ದಾಸ್ತಾನನ್ನು ನೀವೇ ನೋಡಿ. ಸಮಯಕ್ಕೆ ಮೊದಲೇ ಬನ್ನಿ. ಮೂರನೇ ಸಾಲಿನಲ್ಲಿ ಎರಡು ಜಡೆಯ ಒಬ್ಬ ಹುಡುಗಿ ಪ್ರತಿಯೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದಳು. ಸಮಯಕ್ಕೆ ಮೊದಲೇ ಬನ್ನಿ ಎಂಬುದರ ಕೆಳಗೆ ಗೆರೆಯನ್ನೂ ಎಳೆದಳು. ಆ ಗೆರೆ ಕಂಡು ರಜನಿ ಓದುವುದನ್ನು ನಿಲ್ಲಿಸಿದಳು. ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. “ನನಗೆ ಗೊತ್ತಿರೋ ಒಬ್ಬ ಡಾಕ್ಟರು” ಎಂದು ಶುರು ಮಾಡಿ ಮಗು, ಚೀಟಿ, ಚುಕ್ಕಿ, ನರ್ಸು, ನೋಟೀಸು ಎಲ್ಲವನ್ನೂ ಹೇಳಿಬಿಟ್ಟಳು. ಮೊದಲ ಸಾಲಿನಲ್ಲಿ ಅಮರನಾಥರು ತಮ್ಮ ಬೂಟಿನ ತುದಿ ನೋಡುತ್ತಿದ್ದರು. ಹೇಳಿ ಮುಗಿಸಿದಾಗ ಇಲ್ಲಿಗೆ ಸಾಕು, ಕೂರೋಣ ಎಂದುಕೊಂಡಳು. ಅಷ್ಟರಲ್ಲಿ ಜಡೆಯ ಹುಡುಗಿ ಎದ್ದು ನಿಂತಳು.

“ನಾನು ಸುನಂದ ಅಂತ, ಮಾಲೂರು. ಆ ಡಾಕ್ಟರು ಆಮೇಲೆ ಏನ್ ಮಾಡಿದ್ರು ಮೇಡಮ್?”

ಒಂದು ಉಸಿರಿನಷ್ಟು ಹೊತ್ತು ಏನನ್ನಾದರೂ ಹೇಳಬಹುದಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ಇನ್ನೂ ಏನೂ ಮಾಡಿಲ್ಲ ಎನ್ನಬಹುದಿತ್ತು.

“ತಪ್ಪು ನನ್ನದು ಅಂತ ಬರೆದುಕೊಟ್ಟರು” ಎಂದಳು ರಜನಿ.

“ಅವರಿಗೆ ಏನೂ ತೊಂದರೆ ಆಗ್ಲಿಲ್ವಾ?”

“ಏನೂ ಆಗ್ಲಿಲ್ಲ.”

ಚಪ್ಪಾಳೆ ಬಿತ್ತು. ಜೋರಾಗಿ, ತುಂಬ ಹೊತ್ತು. ಹುಡುಗಿ ಕೂತು ಅದನ್ನೂ ಬರೆದುಕೊಂಡಳು. ಅಮರನಾಥರೂ ತಟ್ಟಿದರು, ಆದರೆ ಅವಳ ಕಡೆ ನೋಡಲಿಲ್ಲ. ಊಟಕ್ಕೆ ನಿಲ್ಲಿ ಎಂದವರಿಗೆಲ್ಲ ಕೈ ಮುಗಿದು ರಜನಿ ಹಿಂಬಾಗಿಲಿನಿಂದ ಹೊರಗೆ ಬಂದಳು. ತಾನು ಕಳ್ಳಿಯ ಹಾಗೆ ನಡೆಯುತ್ತಿದ್ದೇನೆ ಎಂದು ಗೊತ್ತಾಗಿ ಬೇಕೆಂದೇ ಹೆಜ್ಜೆ ನಿಧಾನ ಮಾಡಿದಳು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪನ ಫೋನು ಬಂತು. ತಮ್ಮ ಊರು ಹುತ್ತೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವ ನಡುವೆ ಮಾಡಿದ್ದರು, ಹಿನ್ನೆಲೆಯಲ್ಲಿ ಅಮ್ಮ ಗಂಗಾಲಕ್ಷ್ಮಿಯ ದನಿಯೂ ಕೇಳುತ್ತಿತ್ತು. “ಭಾಷಣ ಹೆಂಗಾಯ್ತಮ್ಮ? ಚಪ್ಪಾಳೆ ಹೊಡುದ್ರಾ? ಫೋಟೋ ಇದ್ರೆ ಕಳ್ಸು ಕಣಮ್ಮ, ಸಾಯಂಕಾಲ ಹಾಲಿನ ಡೈರಿ ಹತ್ರ ನಾಕ್ ಜನಕ್ಕೆ ತೋರಿಸ್ತೀನಿ.” “ಹೊಡೆದ್ರು ಅಪ್ಪಾ” ಎಂದಳು. ಸಿಗ್ನಲ್ ಇಲ್ಲ ಎಂದು ಫೋನಿಟ್ಟಳು. ಅದೂ ಸುಳ್ಳು.

ಹಿಂದಿರುಗುವ ಬಸ್ಸು ಪ್ರತಿ ಹಳ್ಳಿಗೂ ನಿಂತಿತು. ಮೂರು ಇಪ್ಪತ್ತು, ಮೂರು ಮೂವತ್ತೈದು. ಸಭೆಯಲ್ಲಿ ಅವಳು ಸುಳ್ಳು ಹೇಳಿರಲಿಲ್ಲ, ಆಗಬೇಕಾದ್ದನ್ನು ಎರಡು ಗಂಟೆ ಮೊದಲು ಹೇಳಿದ್ದಳು, ಅಷ್ಟೇ. ಐದರೊಳಗೆ ಬರೆದುಕೊಟ್ಟುಬಿಟ್ಟರೆ ಅದು ನಿಜವಾಗುತ್ತದೆ. ಹೀಗೆ ಅಂದುಕೊಂಡಾಗ ಎದೆ ಹಗುರಾಯಿತು. ಮರುಗಳಿಗೆಗೆ, ತಾನು ಬರೆಯಲು ಹೊರಟಿರುವುದು ಆಂಜಿನಮ್ಮನಿಗಾಗಿ ಅಲ್ಲ, ಎರಡು ಜಡೆಯ ಆ ಹುಡುಗಿಯ ನೋಟ್‌ಬುಕ್ಕಿಗಾಗಿ ಎಂದು ಹೊಳೆದು ಮತ್ತೆ ಭಾರವಾಯಿತು. ಯಾರಿಗಾಗಿಯಾದರೂ ಸರಿ. ಡ್ರೈವರು ಯಾರ ಜೊತೆಗೋ ಮಾತಾಡುತ್ತ ಬಸ್ಸು ನಿಲ್ಲಿಸಿಕೊಂಡಾಗ, “ಸ್ವಲ್ಪ ಬೇಗ ಹೋಗಿ” ಎಂದು ಅವಳು ಕೂಗಿದ್ದು ಕಿರುಚಿದಂತೆ ಕೇಳಿ, ಬಸ್ಸೆಲ್ಲ ತಿರುಗಿ ನೋಡಿತು.

ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ಬದನೆ ಬಣ್ಣದ ಸೀರೆಯುಟ್ಟ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಳು. ರಜನಿ ಅವಳನ್ನು ದಾಟಿ ಎರಡು ಹೆಜ್ಜೆ ಹೋದ ಮೇಲೆ, “ಮೇಡಮ್” ಎಂಬ ದನಿ ಕೇಳಿ ತಿರುಗಿದಳು. ಆಂಜಿನಮ್ಮ. ಬಿಳಿ ಸಮವಸ್ತ್ರವಿಲ್ಲದೆ ಅವರನ್ನು ಅವಳು ನೋಡಿರಲೇ ಇಲ್ಲ. ಮೂರು ದಿನದ ನಂತರ ಅವರ ಮುಖವನ್ನು ನೋಡುವುದು ಹೀಗೆ, ಗುರುತು ಸಿಗದೆ, ಆಗಿಹೋಯಿತು.

“ಸಿಸ್ಟರ್, ನೀವು ಇಲ್ಲಿ?”

“ತಪ್ಪಾಯ್ತು ಅಂತ ಬರ್ಕೊಟ್ಟು ಹೋಗೋಣ ಅಂತ ಬಂದೆ. ಸಾಹೇಬ್ರು ಮೀಟಿಂಗಲ್ಲಿದಾರಂತೆ.” ಅವರ ಕೈಯಲ್ಲಿ ಗೀಟೆಳೆದ ಹಾಳೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದ ಅರ್ಜಿ ಇತ್ತು.

“ನಿಮ್ಮದೇನು ತಪ್ಪು?”

ಆಂಜಿನಮ್ಮ ಅರ್ಜಿಯಿಂದ ತಲೆಯೆತ್ತಿದರು. “ಮೂರು ದಿನ ಇದನ್ನ ಕೇಳ್ತೀರ ಅಂತ ಕಾದೆ ಮೇಡಮ್.”

ರಜನಿ ಬೆಂಚಿನ ಮೇಲೆ ಕೂತು, ಬ್ಯಾಗಿನಿಂದ ಒಂದು ಹಾಳೆ ತೆಗೆದು, ತೊಡೆಯ ಮೇಲಿಟ್ಟುಕೊಂಡು ಬರೆದಳು. ಒಮ್ಮೆ ಶುರುವಾದ ಮೇಲೆ ಬೇಗ ಬಂತು. ಮಗು ತೀವ್ರ ಅಪಾಯದಲ್ಲಿದ್ದ ಕಾರಣ ತರಾತುರಿಯಲ್ಲಿ ನನ್ನ ಚೀಟಿಯಲ್ಲಿ ದಶಮಾಂಶದ ಚುಕ್ಕಿ ಬಿಟ್ಟುಹೋಗಿತ್ತು, ಶುಶ್ರೂಷಕಿ ಆಂಜಿನಮ್ಮ ಅದನ್ನು ಗುರುತಿಸಿ ಸರಿಯಾದ ಪ್ರಮಾಣವನ್ನೇ ಕೊಟ್ಟು ಮಗುವಿನ ಪ್ರಾಣ ಉಳಿಸಿದ್ದಾರೆ, ತಪ್ಪು ನನ್ನದು. ಸಹಿ ಹಾಕಿದಳು. ಓದಿ ನೋಡಿದಾಗ ಚೆನ್ನಾಗಿದೆ ಅನ್ನಿಸಿತು. ಎಷ್ಟು ಚೆನ್ನಾಗಿದೆ ಎಂದರೆ ಕಣ್ಣು ಒದ್ದೆಯಾಯಿತು. “ನೋಡಿ ಸಿಸ್ಟರ್” ಎಂದು ಆಂಜಿನಮ್ಮನಿಗೆ ಕೊಟ್ಟಳು. ಅವರು ಕನ್ನಡಕ ಹಾಕಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಓದಿ, ಮಡಿಸದೆ ವಾಪಸು ಕೊಟ್ಟರು.

“ಒಳ್ಳೇದಾಯ್ತು ಮೇಡಮ್.”

“ಸರಿಯಾಗಿದ್ಯಾ?”

“ನೀವು ಬರ್ದಿರೋದನ್ನ ನಾನೇನ್ ಸರಿ ತಪ್ಪು ಅನ್ಲಿ?”

“ಹಾಗಲ್ಲ. ಏನಾದ್ರೂ ಬಿಟ್ಟುಹೋಗಿದ್ರೆ ಹೇಳಿ.”

ಆಂಜಿನಮ್ಮ ಕನ್ನಡಕ ತೆಗೆದು ಡಬ್ಬಿಗೆ ಹಾಕಿದರು. ಡಬ್ಬಿ ಮುಚ್ಚಿದರು. ಆಮೇಲೆ ಎದುರಿನ ಗೋಡೆ ನೋಡುತ್ತ, ರೋಗಿಯ ನಾಡಿ ಎಣಿಸಿ ಹೇಳುವ ದನಿಯಲ್ಲಿ ಹೇಳಿದರು. “ನಾನು ಅವತ್ತು ಕೇಳಿದ್ದೆ ಮೇಡಮ್. ಸಿರಿಂಜು ಕೈಲಿಟ್ಕೊಂಡು, ಎರಡೂವರೇನಾ ಮೇಡಮ್ ಅಂತ ಕೇಳಿದ್ದೆ. ನೀವು ನನ್ ಕಡೆ ತಿರುಗಿ, ‘ಬರ್ದಿರೋದು ಕಾಣಲ್ವಾ, ಇಪ್ಪತ್ತೈದು, ಅಷ್ಟೇ ಕೊಡಿ’ ಅಂದ್ರಿ.”

ಪಡಸಾಲೆಯಲ್ಲಿ ಯಾರೋ ಕುರ್ಚಿ ಎಳೆದರು. ರಜನಿಗೆ ಆಶ್ಚರ್ಯವಾಗಲಿಲ್ಲ. ಆಗಬೇಕಿತ್ತು, ಆಗಲಿಲ್ಲ. ಅಂಟಿಕೊಂಡಿದ್ದ ಕಾಗದ ತಾನಾಗಿ ಬಿಚ್ಚಿಕೊಂಡಿತು. ಆಂಜಿನಮ್ಮನ ಕೈ ಹಿಡಿದು ಡಾಕ್ಟರಮ್ಮಾ ಎನ್ನುತ್ತಿದ್ದ ತಾಯಿ. ಅವಳ ಎದುರಿಗೇ ಆಂಜಿನಮ್ಮ ತನ್ನನ್ನು ತಿದ್ದುವ ದನಿಯಲ್ಲಿ ಎರಡೂವರೇನಾ ಎಂದದ್ದು. ಆ ಮಾತು ಕಿವಿಗೆ ಬಿದ್ದ ಕ್ಷಣವೇ ಅದು ಸರಿ ಎಂದು ಗೊತ್ತಾಗಿತ್ತು. ಚುಕ್ಕಿ ಬಿಟ್ಟುಹೋದದ್ದೂ ಕಂಡಿತ್ತು. ಕಂಡೇ ಅವಳು ಇಪ್ಪತ್ತೈದು ಎಂದಿದ್ದಳು. ಆ ತಾಯಿ ನೋಡುತ್ತಿದ್ದಾಳೆ ಎಂಬ ಕಾರಣಕ್ಕೆ ಎಂದಿದ್ದಳು. ಮಗುವಿನ ಹಿಮ್ಮಡಿ ಮೇಜಿಗೆ ಬಡಿಯುತ್ತಲೇ ಇತ್ತು. ಆಂಜಿನಮ್ಮ ಒಂದು ಮಾತೂ ಆಡದೆ ಬೆನ್ನು ತಿರುಗಿಸಿ ಎರಡೂವರೆಯನ್ನೇ ಕೊಟ್ಟಿದ್ದರು. ತಾನು ಕಿಟಕಿಯ ಕಡೆ ಮುಖ ಮಾಡಿ, ಅವರು ನನ್ನ ಮಾತು ಕೇಳದಿರಲಿ ದೇವರೇ ಎಂದು ಬೇಡಿಕೊಂಡಿದ್ದಳು.

“ಇದನ್ನ ನೀವು ನಿಮ್ಮ ಅರ್ಜಿಯಲ್ಲಿ ಯಾಕೆ ಬರೀಲಿಲ್ಲ?” ಅವಳ ದನಿ ಎಲ್ಲಿಂದಲೋ ಬಂತು.

“ನೀವು ಇಲ್ಲ ಅಂದ್ಬಿಟ್ರೆ?” ಎಂದರು ಆಂಜಿನಮ್ಮ. “ಆಮೇಲೂ ದಿನಾ ಒಂದೇ ಕೋಣೇಲಿ ಕೆಲ್ಸ ಮಾಡ್ಬೇಕಲ್ಲ ಮೇಡಮ್.”

ಐದಕ್ಕೆ ಇಪ್ಪತ್ತು ನಿಮಿಷ ಇತ್ತು. ರಜನಿ ಇನ್ನೊಂದು ಹಾಳೆ ತೆಗೆದಳು. ಈ ಸಲ ಬೇಗ ಬರಲಿಲ್ಲ. ಒಂದು ಸಾಲು ಬರೆದು ಹೊಡೆದುಹಾಕಿದಳು, ಮತ್ತೆ ಬರೆದಳು. ತರಾತುರಿ ಎಂಬ ಮಾತು ಎರಡು ಸಲ ತಾನಾಗಿ ಬಂದು ಕೂತಿತು, ಎರಡು ಸಲವೂ ತೆಗೆದಳು. ಮುಗಿದಾಗ ಅದರಲ್ಲಿ ಐದೇ ಸಾಲಿದ್ದವು, ಅವುಗಳಲ್ಲಿ ಒಂದೂ ಚೆನ್ನಾಗಿರಲಿಲ್ಲ. ಅದನ್ನು ಆಂಜಿನಮ್ಮನಿಗೆ ತೋರಿಸಲಿಲ್ಲ. ಅವರ ಕೈಯಲ್ಲಿದ್ದ ಅರ್ಜಿಯನ್ನು ಮಾತ್ರ ಕೇಳಿ ತೆಗೆದುಕೊಂಡು ತನ್ನ ಬ್ಯಾಗಿಗೆ ಹಾಕಿ, ಒಳಗೆ ಹೋದಳು.

ಮೀಟಿಂಗು ಮುಗಿಸಿ ಬಂದಿದ್ದ ಅಧಿಕಾರಿ ಶಿವಶಂಕರ್ ನಿಂತೇ ಓದಿದರು. ಓದಿ ಕೂತರು. “ಚುಕ್ಕಿ ಬಿಟ್ಟೋಯ್ತು ಅಂತ ಒಂದ್ ಲೈನ್ ಬರ್ದಿದ್ರೆ ಆಗ್ತಿತ್ತಲ್ಲಮ್ಮ. ನಾನೇ ಮುಗಿಸ್ತಿದ್ದೆ.”

“ಬಿಟ್ಟುಹೋಗಿತ್ತು ಸಾರ್. ಆದ್ರೆ ಆಮೇಲೆ ನನಗೆ ಕಾಣ್ತು.”

ಅವರು ಅವಳನ್ನು ನೋಡಿದ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. ಕೆಲಸ ಹೆಚ್ಚಾದ ಆಯಾಸ ಇತ್ತು. “ಇದನ್ನ ತಗೊಂಡ್ರೆ ನಿಮಗೆ ನೋಟೀಸ್ ಕೊಡ್ಬೇಕು. ವಿಚಾರಣೆ ಆಗುತ್ತೆ. ಅದು ಮುಗಿಯೋ ತನಕ ನಿಮ್ ಬಿಡುಗಡೆ ಪತ್ರಕ್ಕೆ ನಾನು ಸಹಿ ಹಾಕೋ ಹಂಗಿಲ್ಲ. ಸೇರೋಕೆ ಕೊನೇ ದಿನ ಯಾವತ್ತು?”

“ಹದಿನೆಂಟು.”

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಕಾಗದವನ್ನು ಅವಳ ಕಡೆಗೆ ಒಂದಿಂಚು ತಳ್ಳಿ ಅಲ್ಲೇ ಬಿಟ್ಟರು. ತೆಗೆದುಕೊಳ್ಳಬಹುದಿತ್ತು. ರಜನಿ ಎರಡೂ ಕೈಯನ್ನು ಕುರ್ಚಿಯ ಕೆಳಗೆ ಹಿಡಿದುಕೊಂಡು ಕೂತಳು. ಕೊನೆಗೆ ಅವರು ಗಂಟೆ ಒತ್ತಿ ಗುಮಾಸ್ತನನ್ನು ಕರೆದರು. ಸೀಲು ಬಿತ್ತು. “ಸಿಸ್ಟರ್ ಮೇಲಿನದು ಕೈಬಿಡ್ತೀನಿ. ಅವರಿಗೆ ಹೇಳಿ” ಎಂದರು.

ಹೇಳಿದಾಗ ಆಂಜಿನಮ್ಮ, “ಹೌದಾ” ಎಂದು ಸೀರೆಯ ನೆರಿಗೆ ಸರಿಮಾಡಿಕೊಂಡು ಎದ್ದರು. ಗೌನಿಪಲ್ಲಿ ಬಸ್ಸಿಗೆ ಇಬ್ಬರೂ ಒಟ್ಟಿಗೇ ನಡೆದರು. ರಜನಿ ಒಂದು ಮಾತಿಗಾಗಿ ಕಾಯುತ್ತಿದ್ದಳು, ಹೋಗ್ಲಿ ಬಿಡಿ ಎಂದೋ, ಪರವಾಗಿಲ್ಲ ಎಂದೋ. ಸೀಟು ಹೋದರೆ ಅಪ್ಪನಿಗೆ ಏನೆಂದು ಹೇಳುವುದು? ವಿಚಾರಣೆಯಲ್ಲಿ ಯಾರು ಕೂತಿರುತ್ತಾರೆ? ಮತ್ತೆ ಪೆನ್ನು ಹಿಡಿದಾಗ ಕೈ ಏನು ಬರೆಯುತ್ತದೆ? ಆಂಜಿನಮ್ಮ ಬಸ್ಸಿನಲ್ಲಿ ಕೂತು, ಅವಳಿಗೂ ಜಾಗ ಬಿಟ್ಟು, ಟಿಕೆಟ್ ತೆಗೆದ ಮೇಲೆ ಮಾತಾಡಿದರು.

“ಆ ಮಗೂನ ನಾಳೆ ತೂಕ ನೋಡೋಕೆ ಕರ್ಕೊಂಡ್ ಬರ್ತಾರೆ. ಅವರಮ್ಮನಿಗೆ ನೀವೇ ಹೇಳ್ಬೇಕು.”

ಅದು ರಜನಿಗೆ ಹೊಳೆದೇ ಇರಲಿಲ್ಲ. ಚಪ್ಪಾಳೆ ತಟ್ಟಿದ ನೂರೈವತ್ತು ಜನಕ್ಕೆ, ಅಮರನಾಥರಿಗೆ, ಶಿವಶಂಕರರಿಗೆ ಹೇಳಿಯಾಗಿತ್ತು. ಆ ತಾಯಿಗೆ ಯಾರೂ ಏನೂ ಹೇಳಿರಲಿಲ್ಲ. “ಅವರಿಗೆ ಕನ್ನಡ ಬರಲ್ಲ ಅಲ್ವಾ?”

“ಬರಲ್ಲ. ತೆಲುಗಲ್ಲೇ ಹೇಳಿ.”

ಹುತ್ತೂರಿನಲ್ಲಿ ಬೆಳೆದವಳಿಗೆ ತೆಲುಗು ಕಿವಿಗೆ ಚೆನ್ನಾಗಿ ಗೊತ್ತಿತ್ತು, ಬಾಯಿಗೆ ಮಾತ್ರ ಅರ್ಧಂಬರ್ಧ ಬರುತ್ತಿತ್ತು. ಬಸ್ಸು ಹೊರಟಿತು. ಅವಳು ಮನಸ್ಸಿನಲ್ಲೇ ಮಾತು ಜೋಡಿಸಿ ನೋಡಿದಳು. ತುಟಿ ಅಲ್ಲಾಡಿಸುತ್ತಿರುವುದು ಗೊತ್ತಾಗಿ, ಕೊನೆಗೆ ಬಾಯಿಬಿಟ್ಟೇ ಹೇಳಿದಳು.

“ತಪ್ಪು ಅಯಿಪೊಯಿಂದಮ್ಮಾ.”

“ಅಯಿಪೊಯಿಂದಿ ಅಂದ್ರೆ ತಪ್ಪು ಆಗೋಯ್ತು ಅಂತ ಮೇಡಮ್” ಎಂದರು ಆಂಜಿನಮ್ಮ, ಮುಂದೆ ನೋಡುತ್ತಲೇ. “ಚೇಸಿನಾನು ಅನ್ನಿ. ಮಾಡ್ದೆ ಅಂತ.”

ರಜನಿ ಅವರ ಮುಖವನ್ನೇ ನೋಡುತ್ತ, ಅವರು ಹೇಳಿಕೊಟ್ಟ ಹಾಗೆಯೇ, ಇನ್ನೊಮ್ಮೆ ಹೇಳಿದಳು.